ಮರುವಾಯಿ ಚಿಪ್ಪಿನಿಂದ ಹೈಡ್ರಾಕ್ಸಿಅಪಟೈಟ್: ಮಲೆನಾಡಿನ ಮಳೆಗಾಲದಲ್ಲಿ ಕೆಟ್ಟ ಎರಡು ಬ್ಯಾಚು, ದಕ್ಕಿದ ಒಂದು

ಜೂನ್ ಕೊನೆಗೆ ಕೈಹಾಕಿದ ಕೆಲಸ ಅಕ್ಟೋಬರ್ ನಡುವಿಗೆ ಮುಗಿಯಿತು. ಲೆಕ್ಕಕ್ಕೆ ಉಳಿದದ್ದು 47 ಗ್ರಾಂ ಬಿಳಿ ಪುಡಿ, ಅದರಲ್ಲೇ ಹತ್ತು ಗ್ರಾಂ ತೆಗೆದು ಒತ್ತಿ ಸುಟ್ಟ ಹತ್ತು ಬಿಲ್ಲೆ. ಪುಡಿಯ ಹೆಸರು ಹೈಡ್ರಾಕ್ಸಿಅಪಟೈಟ್. ಮೂಳೆ, ಹಲ್ಲುಗಳ ಗಟ್ಟಿ ಭಾಗಕ್ಕೆ ತೀರಾ ಹತ್ತಿರದ ಕ್ಯಾಲ್ಸಿಯಂ ಫಾಸ್ಫೇಟ್ ಇದು. ಇದಕ್ಕೂ ಮೊದಲು ಎರಡು ಬ್ಯಾಚು ಕೆಟ್ಟವು. ಕೆಡಿಸಿದ್ದು ವಿಧಾನವಲ್ಲ, ಮಲೆನಾಡಿನ ಮಳೆಗಾಲದ ಗಾಳಿ. ಒಣ ಹವೆಯ ಊರಲ್ಲಿ ಕುಳಿತು ಬರೆದ ವಿಧಾನಗಳಲ್ಲಿ ‘ಸುಟ್ಟ ಪುಡಿಯನ್ನು ತೂಗಿಕೊಳ್ಳಿ’ ಎಂದು ಒಂದೇ ಸಾಲು ಇರುತ್ತದೆ. ಶಿವಮೊಗ್ಗದ ಮಳೆಗಾಲದಲ್ಲಿ ಆ ಒಂದು ಸಾಲಿಗೆ ಏಳು ವಾರ ಹೋಯಿತು. ಇದೇ ದಾರಿ ಹಿಡಿಯುವವರಿಗೆ ಆ ಏಳು ವಾರ ಉಳಿಯಲಿ ಎಂದು ಇಷ್ಟು ಬರೆದದ್ದು.

ಚಿಪ್ಪೇ ಏಕೆ ಎಂದು ಕೇಳುವವರಿದ್ದಾರೆ. ಚಿಪ್ಪಿನಲ್ಲಿ ನೂರಕ್ಕೆ 95ರಿಂದ 98 ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಉಳಿದದ್ದು ಪ್ರೋಟೀನು ಮತ್ತು ಚೂರುಪಾರು ಲವಣ. ಸುಣ್ಣಕಲ್ಲಿನಲ್ಲೂ ಕಾರ್ಬೊನೇಟ್ ಇದೆ, ಆದರೆ ಅದರ ಜೊತೆಗೆ ಮರಳು, ಕಬ್ಬಿಣ, ಜೇಡಿಯೂ ಬರುತ್ತವೆ. ಚಿಪ್ಪಿನ ಹುಳ ಸಮುದ್ರದ ನೀರಿನಿಂದ ಬೇಕಾದ್ದನ್ನಷ್ಟೇ ಆರಿಸಿ ಕಟ್ಟಿರುತ್ತದೆ. ಚಿಪ್ಪಿಗೂ ದವಡೆಗೂ ನಂಟು ಹಳೆಯದು: ಹೊಂಡುರಾಸ್‌ನಲ್ಲಿ 1931ರಲ್ಲಿ ಸಿಕ್ಕ ಮಾಯಾ ಕಾಲದ ಒಂದು ದವಡೆಯಲ್ಲಿ ಮೂರು ಹಲ್ಲುಗಳ ಜಾಗಕ್ಕೆ ಹಲ್ಲಿನಂತೆಯೇ ಕೆತ್ತಿದ ಚಿಪ್ಪಿನ ತುಂಡುಗಳಿದ್ದವು. 1974ರಲ್ಲಿ ಡೆಲ್ಲಾ ರಾಯ್ ಮತ್ತು ಲಿನ್ನಹ್ಯಾನ್ ಹವಳವನ್ನು ಫಾಸ್ಫೇಟ್ ದ್ರಾವಣದಲ್ಲಿ ಒತ್ತಡದಲ್ಲಿ ಬೇಯಿಸಿ, ಅದರ ರಂಧ್ರಗಳು ಹಾಗೇ ಉಳಿಯುವಂತೆ ಹೈಡ್ರಾಕ್ಸಿಅಪಟೈಟ್ ಮಾಡಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ನಾವು ಹವಳದ ತಂಟೆಗೆ ಹೋಗುವಂತಿಲ್ಲ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದಕ್ಕೆ ರಕ್ಷಣೆಯಿದೆ. ಕೆಲವು ಶಂಖ, ಕವಡೆ ಜಾತಿಗಳಿಗೂ ಇದೆ. ತಿಂದು ಎಸೆಯುವ ಚಿಪ್ಪು ಹಿಡಿದರೆ ಈ ತಲೆನೋವು ಇಲ್ಲ.

ಹಾಗಾಗಿ ಮರುವಾಯಿ, ಅಳಿವೆಯ ಕೆಸರಲ್ಲಿ ಸಿಗುವ, ತಿನ್ನುವ ಚಿಪ್ಪುಜೀವಿ. ಉತ್ತರ ಕನ್ನಡದವರು ಬೆಳಚು, ಚಿಪ್ಪಿಕಲ್ಲು ಎನ್ನುತ್ತಾರೆ. ಕರಾವಳಿಯಿಂದ ಘಾಟಿ ಹತ್ತಿ ಬರುವ ಮೀನಿನ ಗಾಡಿಯಲ್ಲಿ ಶಿವಮೊಗ್ಗಕ್ಕೂ ಬರುತ್ತದೆ. ಮೀನೂಟದ ಹೋಟೆಲಿನಲ್ಲಿ ಹೇಳಿಟ್ಟರೆ ಎರಡು ದಿನದಲ್ಲಿ ಎರಡು ಕಿಲೋ ಚಿಪ್ಪು ಪುಕ್ಕಟೆ. ಒಂದೇ ಜಾತಿಯದನ್ನು ಆರಿಸಿಕೊಳ್ಳಿ, ಬೆರಕೆ ಬೇಡ. ಮರುವಾಯಿಯ ಕಾರ್ಬೊನೇಟ್ ಅರಾಗೊನೈಟ್ ಎಂಬ ಹರಳಿನ ರೂಪದ್ದು, ಬಂಡೆಗೆ ಅಂಟಿಕೊಳ್ಳುವ ಆಯ್ಸ್ಟರ್‌ನದು ಹೆಚ್ಚುಪಾಲು ಕ್ಯಾಲ್ಸೈಟ್. ಅರಾಗೊನೈಟ್ ಸ್ಟ್ರಾನ್ಷಿಯಂ ಅನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ, ಕ್ಯಾಲ್ಸೈಟ್ ಮೆಗ್ನೀಸಿಯಂ ಅನ್ನು. ಮೆಗ್ನೀಸಿಯಂ ಹೆಚ್ಚಾದರೆ ಕೊನೆಯಲ್ಲಿ ನಮಗೆ ಬೇಡದ ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ತಳ ಊರುತ್ತದೆ. ಕಡಲ ದಂಡೆಯಲ್ಲಿ ಬಿದ್ದ ಹಳೆಯ ಚಿಪ್ಪಂತೂ ಬೇಡವೇ ಬೇಡ. ಹುಳ ಕೊರೆದ ತೂತುಗಳಲ್ಲಿ ಮರಳು ಕೂತಿರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ಚಿಪ್ಪು ತೊಳೆಯುವುದನ್ನು ಕಂಡ ಅಡಿಕೆ ತೋಟದವರೊಬ್ಬರು ಕೇಳಿದ ಪ್ರಶ್ನೆ ಇಲ್ಲಿಯ ಎಲ್ಲರ ಮನಸ್ಸಿನಲ್ಲೂ ಬರುವಂಥದ್ದೇ: ‘ಕೊಳೆರೋಗಕ್ಕೆ ಬೋರ್ಡೋ ಮಾಡಕ್ಕೆ ತರೋ ಚಿಪ್ಪು ಸುಣ್ಣ ಇದೆಯಲ್ಲ ಮಾರಾಯ್ರೇ, ಅದನ್ನೇ ಹಾಕಿದ್ರೆ ಆಗಲ್ವಾ?’ ಆಗುವುದಿಲ್ಲ. ಬೋರ್ಡೋಗೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಸುಣ್ಣ ಐವತ್ತು ಗ್ರಾಂ ಹೆಚ್ಚಾದರೆ ತೋಟಕ್ಕೇನೂ ಆಗುವುದಿಲ್ಲ. ಇಲ್ಲಿ ನೂರಕ್ಕೆ ನಾಲ್ಕು ತಪ್ಪಿದರೆ ಪುಡಿಯ ಜಾತಿಯೇ ಬದಲಾಗುತ್ತದೆ. ಅಂಗಡಿಯ ಸುಣ್ಣ ಚೀಲದಲ್ಲಿ ಎಷ್ಟು ತಿಂಗಳಿಂದ ಗಾಳಿ ಕುಡಿದಿದೆಯೋ, ಭಟ್ಟಿಯಲ್ಲಿ ಯಾವ ಬೂದಿ ಬೆರೆತಿದೆಯೋ ಹೇಳಲಾಗದು.

ಶುಚಿಮಾಡುವುದಕ್ಕೆ ನಾಲ್ಕು ದಿನ. ಮೊದಲು ಒಂದು ಗಂಟೆ ಕುದಿಸಿ ಅಂಟಿದ ಮಾಂಸ ಬಿಡಿಸಬೇಕು, ಆಮೇಲೆ ಗಟ್ಟಿ ಬ್ರಷ್‌ನಲ್ಲಿ ಉಜ್ಜಬೇಕು, ಆಮೇಲೆ ಸೋಡಿಯಂ ಹೈಪೊಕ್ಲೋರೈಟ್ ಬ್ಲೀಚ್‌ನಲ್ಲಿ ಒಂದು ದಿನ ನೆನೆಸಬೇಕು. ಬ್ಲೀಚ್ ವಾಸನೆ ಪೂರ್ತಿ ಹೋಗುವವರೆಗೆ ತೊಳೆಯಿರಿ. ಮುಂದೆ ಇದೇ ಮೇಜಿನ ಮೇಲೆ ಆಸಿಡ್ಡೂ ಅಮೋನಿಯವೂ ಬರುತ್ತವೆ, ಬ್ಲೀಚ್ ಎರಡರ ಜೊತೆಗೂ ವಿಷಗಾಳಿ ಬಿಡುತ್ತದೆ. ಕೊನೆಯ ಎರಡು ತೊಳೆತ ಡಿಸ್ಟಿಲ್ಡ್ ವಾಟರ್‌ನಲ್ಲಿ. ಬಾವಿ, ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವೂ ಮ್ಯಾಂಗನೀಸೂ ಇರುವುದುಂಟು. 110 ಡಿಗ್ರಿ ಓವನ್‌ನಲ್ಲಿ ರಾತ್ರಿಯಿಡೀ ಒಣಗಿಸಿ. ಅಟ್ಟದ ಮೇಲೆ ಹರವಿ ನೋಡಿದೆವು, ಆರಿದ್ರಾ ಮಳೆ ಹಿಡಿದಾಗ ಅದು ವ್ಯರ್ಥ ಪ್ರಯತ್ನ.

ಕುಟ್ಟುವುದು ದಪ್ಪ ಬಟ್ಟೆಯಲ್ಲಿ ಸುತ್ತಿ, ಮರದ ಕೊಡತಿಯಿಂದ. ಕಬ್ಬಿಣದ ಒರಳಾದರೆ ಕಬ್ಬಿಣ ಸೇರುತ್ತದೆ, ಕಲ್ಲಿನ ಒರಳಾದರೆ ಮರಳಿನ ಅಂಶ. ಬೆರಳುಗುರಿನಷ್ಟು ಚೂರಾದರೆ ಸಾಕು. ನುಣ್ಣಗೆ ಅರೆಯುವ ಕೆಲಸ ಸುಟ್ಟ ಮೇಲೆ ತಾನಾಗಿ ಆಗುತ್ತದೆ.

ಸುಡುವ ಹಂತಕ್ಕೆ ಬಂದೆವು. ಮಫಲ್ ಫರ್ನೇಸ್ (ಸುತ್ತ ಮುಚ್ಚಿದ ವಿದ್ಯುತ್ ಕುಲುಮೆ) 3.5 ಕಿಲೋವ್ಯಾಟ್‌ನದು, ಸುಡುವ ಪಾತ್ರೆ ಅಲ್ಯುಮಿನಾ ಕ್ರೂಸಿಬಲ್. ಕ್ರೂಸಿಬಲ್ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ಎರಡು ಕಾರಣಕ್ಕೆ. ಒಂದು, ಕಾಯುತ್ತ ಹೋದಂತೆ ಅರಾಗೊನೈಟ್ ಕ್ಯಾಲ್ಸೈಟ್ ಆಗಿ ಬದಲಾಗುವಾಗ ಚೂರುಗಳು ಪಟಪಟ ಸಿಡಿದು ಹೊರಗೆ ಹಾರುತ್ತವೆ. ಎರಡು, ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗಲು ದಾರಿ ಬೇಕು. ದಪ್ಪ ರಾಶಿಯ ಹೊಟ್ಟೆಯಲ್ಲಿ ಅನಿಲ ತುಂಬಿಕೊಂಡರೆ ನಡುವಿನ ಚೂರು 900 ಡಿಗ್ರಿಯಲ್ಲೂ ಕಾರ್ಬೊನೇಟ್ ಆಗಿಯೇ ಕೂತಿರುತ್ತದೆ. ಅಗಲ ಬಾಯಿಯ, ಆಳ ಕಡಿಮೆಯ ಪಾತ್ರೆ ಒಳ್ಳೆಯದು. ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 500ರಲ್ಲಿ ಒಂದು ಗಂಟೆ ನಿಲ್ಲಿಸಿ. ಈ ಹೊತ್ತಿನಲ್ಲಿ ಪ್ರೋಟೀನು ಸುಟ್ಟು ಕೂದಲು ಕರಕಲಾದ ವಾಸನೆ ಬರುತ್ತದೆ, ಚಿಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಗಾಬರಿ ಬೇಡ. ಆಮೇಲೆ 900ಕ್ಕೆ ಏರಿಸಿ ಮೂರು ಗಂಟೆ. 1100 ದಾಟಿಸಿದರೆ ಸುಣ್ಣ ‘ಸತ್ತು’ ಹೋಗುತ್ತದೆ, ನೀರು ಹಾಕಿದರೂ ಬೇಗ ಅರಳುವುದಿಲ್ಲ.

ಪೂರ್ತಿ ಸುಟ್ಟಿದೆಯೇ ಎಂದು ತೂಕವೇ ಹೇಳುತ್ತದೆ. ನೂರು ಗ್ರಾಂ ಶುದ್ಧ ಕಾರ್ಬೊನೇಟ್ ಸುಟ್ಟರೆ 56 ಗ್ರಾಂ ಸುಟ್ಟ ಸುಣ್ಣ, 44 ಗ್ರಾಂ ಅನಿಲ. ಚಿಪ್ಪಿನಲ್ಲಿ ಪ್ರೋಟೀನೂ ಹೋಗುವುದರಿಂದ 54–55 ಉಳಿದರೆ ಸರಿ. 60 ಉಳಿದರೆ ಇನ್ನೂ ಬೆಂದಿಲ್ಲ. ಮೊದಲ ಸಲ ನಮಗೆ ಉಳಿದದ್ದು 63. ಕಾರಣ ಸರಳ: 900 ಮುಟ್ಟಿ ಒಂದು ಗಂಟೆಯಾಗುವಷ್ಟರಲ್ಲಿ ಕರೆಂಟ್ ಹೋಗಿ ನಲವತ್ತು ನಿಮಿಷ ಬರಲಿಲ್ಲ. ಫರ್ನೇಸ್ ತಣಿಯುತ್ತ ಹೋದಂತೆ, ಒಳಗೇ ನಿಂತಿದ್ದ ಕಾರ್ಬನ್ ಡೈಆಕ್ಸೈಡನ್ನು ಸುಟ್ಟ ಸುಣ್ಣ ಮತ್ತೆ ಎಳೆದುಕೊಳ್ಳುತ್ತದೆ. ಇಂಥ ದಿನ ಅದನ್ನು ಬಿಸಾಡಬೇಕಿಲ್ಲ, ಇನ್ನೊಮ್ಮೆ ಮೊದಲಿನಿಂದ ಸುಟ್ಟರಾಯಿತು. ಒಂದು ಸುಡುವಿಕೆಗೆ ಹನ್ನೆರಡು ಯೂನಿಟ್‌ನಷ್ಟು ಮೀಟರ್ ಓಡುತ್ತದೆ. ಮಳೆಗಾಲದಲ್ಲಿ ಇದನ್ನು ಎರಡರಿಂದ ಗುಣಿಸಿಟ್ಟುಕೊಳ್ಳಿ.

ಇನ್ನು ಲೆಕ್ಕ. ಈ ಕೆಲಸದ ಬೆನ್ನುಮೂಳೆ ಇದೇ. ಹೈಡ್ರಾಕ್ಸಿಅಪಟೈಟ್‌ನಲ್ಲಿ ಹತ್ತು ಕ್ಯಾಲ್ಸಿಯಂಗೆ ಆರು ರಂಜಕ, ಅಂದರೆ ಅನುಪಾತ 1.667. ಐವತ್ತು ಗ್ರಾಂ ಪುಡಿ ಬೇಕೆಂದರೆ ಸುಟ್ಟ ಸುಣ್ಣ 28.04 ಗ್ರಾಂ (ಅರಳಿಸಿದ ಮೇಲೆ ಅದೇ 37.05 ಗ್ರಾಂ), ಮತ್ತು ಶುದ್ಧ ಫಾಸ್ಫಾರಿಕ್ ಆಸಿಡ್ 29.4 ಗ್ರಾಂ. ಅಂಗಡಿಯಲ್ಲಿ ಸಿಗುವ 85 ಪರ್ಸೆಂಟ್ ಆರ್ಥೋಫಾಸ್ಫಾರಿಕ್ ಆಸಿಡ್‌ನಲ್ಲಿ ಇದು 34.6 ಗ್ರಾಂ, ಅಳತೆಯಲ್ಲಿ 20.5 ಮಿಲಿ. ಸುಣ್ಣವನ್ನು ಒಂದು ಲೀಟರ್ ನೀರಿನಲ್ಲಿ, ಆಸಿಡ್ಡನ್ನು ಅರ್ಧ ಲೀಟರ್ ನೀರಿನಲ್ಲಿ ಕಲಸಿಕೊಳ್ಳುವುದು. ಆಸಿಡ್ಡನ್ನು ನೀರಿಗೆ ಹಾಕಬೇಕು, ನೀರನ್ನು ಆಸಿಡ್‌ಗಲ್ಲ.

ಆಸಿಡ್ ತರುವುದೇ ಒಂದು ಪ್ರಯಾಸ. ಕೊರಿಯರ್‌ನವರು ಮುಟ್ಟುವುದಿಲ್ಲ, ಲಾರಿ ಪಾರ್ಸೆಲ್‌ನಲ್ಲಿ ಬರಬೇಕು. ಅಂಗಡಿಯವರು ಸಂಸ್ಥೆಯ ಲೆಟರ್‌ಹೆಡ್ ಕೇಳುತ್ತಾರೆ, ಮೊದಲೇ ಮಾಡಿಸಿಟ್ಟುಕೊಳ್ಳಿ. ಹನಿ ನೀರಾವರಿ ಪೈಪು ತೊಳೆಯಲು ಕೃಷಿ ಅಂಗಡಿಯಲ್ಲಿ ಇಡುವ ಅಗ್ಗದ ಫಾಸ್ಫಾರಿಕ್ ಆಸಿಡ್ ಕಣ್ಣಿಗೆ ಬೀಳುತ್ತದೆ. ಅದು ಟೆಕ್ನಿಕಲ್ ದರ್ಜೆಯದು, ಫ್ಲೋರೈಡ್, ಭಾರಲೋಹ ಇರಬಹುದು. ಬೇಡ.

ಮೊದಲ ಬ್ಯಾಚು. ಸುಟ್ಟ ಸುಣ್ಣವನ್ನು ನೀರು ಚಿಮುಕಿಸಿ ಅರಳಿಸಿ, ಪುಡಿಯಾದದ್ದನ್ನು ಒಣಗಿಸಿ ಸೀಸೆಗೆ ತುಂಬಿಟ್ಟೆವು. ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಅಳೆಯುವ ಮೀಟರ್ ರಿಪೇರಿಯಾಗಿ ಬರುವವರೆಗೆ ಒಂಬತ್ತು ದಿನ ಅದು ಕಪಾಟಿನಲ್ಲಿತ್ತು. ಮುಚ್ಚಳ ಬಿಗಿಯಾಗಿತ್ತು, ಒಳಗೆ ಸಿಲಿಕಾ ಜೆಲ್ ಚೀಟಿಯೂ ಇತ್ತು. ಹತ್ತನೇ ದಿನ ಸೀಸೆ ತೆಗೆದು 37.05 ಗ್ರಾಂ ಕರಾರುವಾಕ್ಕಾಗಿ ತೂಗಿ ಹಾಕಿದೆವು. ತಕ್ಕಡಿ ಸುಳ್ಳು ಹೇಳಲಿಲ್ಲ. ಆದರೆ ಅದು ತೂಗಿದ್ದು ಬರೀ ಸುಣ್ಣವನ್ನಲ್ಲ, ಸುಣ್ಣ ಕುಡಿದ ತೇವ ಮತ್ತು ಕಾರ್ಬನ್ ಡೈಆಕ್ಸೈಡನ್ನೂ ಸೇರಿಸಿ.

ಹನಿಸುವ ಕ್ರಮ ಮೂರು ಬ್ಯಾಚಿಗೂ ಒಂದೇ. ನೀರನ್ನು ಮೊದಲು ಕುದಿಸಿ ಆರಿಸಿಕೊಳ್ಳಿ, ಅದರಲ್ಲಿ ಕರಗಿದ ಗಾಳಿ ಹೋಗಲಿ. ಎರಡು ಲೀಟರ್ ಬೀಕರ್, 60 ಡಿಗ್ರಿ ಬಿಸಿ, ಬೀಕರ್ ಬಾಯಿಗೆ ಫಾಯಿಲ್. ಬ್ಯುರೆಟ್‌ನಿಂದ ಆಸಿಡ್ ನಿಮಿಷಕ್ಕೆ 3 ಮಿಲಿ. ಅರ್ಧ ಲೀಟರ್ ಇಳಿಯಲು ಹತ್ತಿರ ಹತ್ತಿರ ಮೂರು ಗಂಟೆ. ಬೇಗ ಸುರಿದರೆ ಆಸಿಡ್ ಬಿದ್ದ ಜಾಗದಲ್ಲಿ ಪಿಎಚ್ ಕುಸಿದು ಬೇರೆ ಫಾಸ್ಫೇಟ್‌ಗಳು ಕಟ್ಟಿಕೊಳ್ಳುತ್ತವೆ. ಮ್ಯಾಗ್ನೆಟಿಕ್ ಸ್ಟಿರರ್ ಮೊದಲ ಒಂದು ಗಂಟೆ ಚೆನ್ನಾಗಿ ತಿರುಗುತ್ತದೆ, ಆಮೇಲೆ ದ್ರಾವಣ ಗಂಜಿಯಂತೆ ಗಟ್ಟಿಯಾಗಿ ಬೀಡ್ ನಿಂತೇಬಿಡುತ್ತದೆ. ಮೇಲಿನಿಂದ ಕಲಕುವ ಮೋಟಾರು ಇದ್ದರೆ ಅದನ್ನೇ ಬಳಸಿ. ಇಲ್ಲದಿದ್ದರೆ ಕಾಲು ಗಂಟೆಗೊಮ್ಮೆ ಗಾಜಿನ ಕಡ್ಡಿಯಿಂದ ತಳ ಕೆದಕುತ್ತಿರಬೇಕು.

ಪಿಎಚ್ ಮೀಟರ್‌ಗೆ ಎರಡು ಮಾತು. ಮೀಟರ್ ಜೊತೆ ಬರುವ ಬಫರ್ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಸಾಮಾನ್ಯವಾಗಿ 4 ಮತ್ತು 7. ನಮ್ಮ ಕೆಲಸವೆಲ್ಲ 9ರ ಮೇಲೆ, ಹಾಗಾಗಿ 10ರ ಬಫರ್ ಬೇರೆಯೇ ತರಿಸಿ 7 ಮತ್ತು 10ಕ್ಕೆ ಹೊಂದಿಸಿಕೊಳ್ಳಬೇಕು. ಎಲೆಕ್ಟ್ರೋಡಿನ ಗಾಜಿನ ಗುಂಡಿನ ಮೇಲೆ ಅಪಟೈಟ್ ಪೊರೆ ಕಟ್ಟುತ್ತದೆ. ಅರ್ಧ ಗಂಟೆಗೊಮ್ಮೆ ತೆಳು ಆಸಿಡ್‌ನಲ್ಲಿ ಅದ್ದಿ ತೊಳೆಯದಿದ್ದರೆ ಅದು ಹಳೆಯ ಅಂಕಿಯನ್ನೇ ತೋರಿಸುತ್ತ ಕೂರುತ್ತದೆ.

ಕರಗದ ಸುಣ್ಣ ಇರುವಷ್ಟು ಹೊತ್ತು ಪಿಎಚ್ ಮೇಲೆಯೇ ಇರುತ್ತದೆ. ಲೆಕ್ಕ ಸರಿಯಿದ್ದರೆ ಕೊನೆಯ ಕೆಲವು ಹತ್ತು ಮಿಲಿಯಲ್ಲಷ್ಟೇ ಇಳಿಯಲು ಶುರುವಾಗಬೇಕು. ಆಗ ಅಮೋನಿಯ ದ್ರಾವಣ ಹನಿಸಿ 10ರ ಆಸುಪಾಸು ಹಿಡಿದಿಡುವುದು. ಕಾಸ್ಟಿಕ್ ಸೋಡಾ ಹಾಕಿದರೆ ಸೋಡಿಯಂ ಒಳಗೆ ಸೇರುತ್ತದೆ, ಅಮೋನಿಯವಾದರೆ ಕಾಸಿದಾಗ ಹಾರಿಹೋಗುತ್ತದೆ. ಮೊದಲ ಬ್ಯಾಚಿನಲ್ಲಿ ಇನ್ನೂ 70 ಮಿಲಿ ಆಸಿಡ್ ಬಾಕಿ ಇರುವಾಗಲೇ ಪಿಎಚ್ 9ಕ್ಕೆ ಕುಸಿಯಿತು. ಅಮೋನಿಯ ಸುರಿದು ಎತ್ತಿ ನಿಲ್ಲಿಸಿ ಮುಂದುವರಿಸಿದೆವು. ಅದು ಎಚ್ಚರಿಕೆಯ ಗಂಟೆ. ಸುಣ್ಣ ಆಗಲೇ ಖಾಲಿಯಾಗಿತ್ತು. ಅಮೋನಿಯ ಪಿಎಚ್ ಎತ್ತುತ್ತದೆಯೇ ಹೊರತು ಕ್ಯಾಲ್ಸಿಯಂ ತಂದುಕೊಡುವುದಿಲ್ಲ.

ಹನಿಸಿ ಮುಗಿದ ಮೇಲೆ ಒಂದು ದಿನ ಹಾಗೇ ಬಿಟ್ಟು, ತಿಳಿ ಬಸಿದು, ನಾಲ್ಕೈದು ಸಲ ತೊಳೆದು ಸೋಸಬೇಕು. ಫಿಲ್ಟರ್ ಪೇಪರ್ ಅರ್ಧ ಗಂಟೆಯಲ್ಲಿ ಕಟ್ಟಿಕೊಳ್ಳುತ್ತದೆ. ಬುಕ್ನರ್ ಫನಲ್‌ಗೆ ವ್ಯಾಕ್ಯೂಮ್ ಪಂಪು ಹಚ್ಚಿಯೂ ಇಡೀ ಮಧ್ಯಾಹ್ನ ಹೋಯಿತು. ಕೊನೆಗೆ ಸಿಗುವುದು ಗಟ್ಟಿ ಮೊಸರಿನಂಥ ಗಸಿ, ಬಹುಪಾಲು ನೀರೇ. 90 ಡಿಗ್ರಿಯಲ್ಲಿ ರಾತ್ರಿಯಿಡೀ ಒಣಗಿದಾಗ ಬೇಸಿಗೆಯ ಕೆರೆಯಂಗಳದಂತೆ ಬಿರಿದು ಹಲ್ಲೆಹಲ್ಲೆಯಾಗುತ್ತದೆ. ಅರೆದು 900 ಡಿಗ್ರಿಯಲ್ಲಿ ಎರಡು ಗಂಟೆ ಕಾಸಿದರೆ ಪುಡಿ ಸಿದ್ಧ.

ಕಣ್ಣಿಗೆ ಮೊದಲ ಬ್ಯಾಚಿನ ಪುಡಿಯಲ್ಲಿ ಯಾವ ಕೊರತೆಯೂ ಕಾಣಲಿಲ್ಲ. ಎಕ್ಸ್‌ಆರ್‌ಡಿಗೆ ಕಳಿಸಿ ಕಾಯುವುದು ಶುರುವಾಯಿತು. ಎಕ್ಸ್ ಕಿರಣ ಹಾಯಿಸಿ ಪುಡಿಯಲ್ಲಿ ಯಾವ ಯಾವ ಹರಳು ಇವೆ ಎಂದು ಹೇಳುವ ಪರೀಕ್ಷೆ ಅದು. ಹೊರಗಿನವರ ಮಾದರಿಗೆ ಕೋರಿಕೆ ಪತ್ರ, ಸಂಸ್ಥೆಯ ಮುಖ್ಯಸ್ಥರ ಸಹಿ, ಮೊದಲೇ ಹಣ. ಒಂದು ಮಾದರಿಗೆ ನಮಗೆ ಸಾವಿರದ ಮೇಲೆ ಬಿತ್ತು, 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಪತ್ರದಲ್ಲಿ ಸ್ಕ್ಯಾನ್ ವ್ಯಾಪ್ತಿ ಬರೆಯದ ಕಾರಣ ಅರ್ಜಿ ಒಮ್ಮೆ ವಾಪಸ್ ಬಂತು. ‘ಟೂ ಥೀಟಾ 20ರಿಂದ 60 ಡಿಗ್ರಿ, ಹೆಜ್ಜೆ 0.02’ ಎಂದು ಮೊದಲೇ ಬರೆದುಬಿಡಿ (ಟೂ ಥೀಟಾ ಎಂದರೆ ಕಿರಣ ತಿರುಗಿ ಬರುವ ಕೋನ). ಎರಡು ಗ್ರಾಂ ಪುಡಿ ಸಾಕು. ಚಿತ್ರದ ಪಿಡಿಎಫ್ ಮಾತ್ರ ಬೇಡ, ಅಂಕಿಗಳ ಫೈಲೂ ಕೊಡಿ ಎಂದು ಕೇಳಿ. ಬರೀ ಚಿತ್ರದಿಂದ ಲೆಕ್ಕ ಹಾಕಲಾಗುವುದಿಲ್ಲ. ಉತ್ತರ ಬರಲು ಮೂರು ವಾರ.

ಬಂದ ಚಿತ್ರದಲ್ಲಿ ಹೈಡ್ರಾಕ್ಸಿಅಪಟೈಟ್‌ನ ಗುರುತುಗಳೆಲ್ಲ ಇದ್ದವು: 25.9 ಡಿಗ್ರಿಯಲ್ಲೊಂದು, 31.8, 32.2, 32.9ರಲ್ಲಿ ಒತ್ತೊತ್ತಾಗಿ ಮೂರು ಶಿಖರ. ಆದರೆ 31.0ರಲ್ಲಿ ಇನ್ನೊಂದು ದೊಡ್ಡ ಶಿಖರ ಎದ್ದಿತ್ತು. ಅದು ಬೀಟಾ ಟ್ರೈಕ್ಯಾಲ್ಸಿಯಂ ಫಾಸ್ಫೇಟ್. ಕ್ಯಾಲ್ಸಿಯಂ ಕಡಿಮೆ ಬಿದ್ದ ಅಪಟೈಟ್ ಕಾಸಿದಾಗ ಹೀಗೆ ಎರಡಾಗಿ ಒಡೆಯುತ್ತದೆ.

ಸೀಸೆಯಲ್ಲಿ ಉಳಿದಿದ್ದ ಅರಳಿದ ಸುಣ್ಣವನ್ನು ಆಗ ಪರೀಕ್ಷೆಗೆ ಹಚ್ಚಿದೆವು. ವಿಧಾನ ಸುಲಭ: 1.000 ಗ್ರಾಂ ತೆಗೆದು 1000 ಡಿಗ್ರಿಯಲ್ಲಿ ಒಂದು ಗಂಟೆ ಸುಟ್ಟು ಮತ್ತೆ ತೂಗುವುದು. ತೇವವಿರಲಿ, ಹೈಡ್ರಾಕ್ಸೈಡ್ ಇರಲಿ, ಕಾರ್ಬೊನೇಟ್ ಇರಲಿ, ಹಾರುವುದೆಲ್ಲ ಹಾರಿ ಸುಟ್ಟ ಸುಣ್ಣ ಮಾತ್ರ ಉಳಿಯುತ್ತದೆ. ಶುದ್ಧ ಅರಳಿದ ಸುಣ್ಣವಾದರೆ 0.757 ಗ್ರಾಂ ಉಳಿಯಬೇಕು. ಉಳಿದದ್ದು 0.727. ಅಂದರೆ ಕ್ಯಾಲ್ಸಿಯಂ ನೂರಕ್ಕೆ ನಾಲ್ಕು ಕಡಿಮೆ.

ನಾಲ್ಕೇ ತಾನೇ ಎನ್ನಬೇಡಿ. ಅನುಪಾತ 1.667 ಹೋಗಿ 1.60 ಆಯಿತು. ಆ ಅನುಪಾತದಲ್ಲಿ ಕ್ಯಾಲ್ಸಿಯಮ್ಮೂ ರಂಜಕವೂ ಪೂರ್ತಿ ಹಂಚಿಹೋಗಬೇಕಾದರೆ ಒಂದು ಹೈಡ್ರಾಕ್ಸಿಅಪಟೈಟ್‌ಗೆ ಎರಡು ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬರಬೇಕು. ತೂಕಕ್ಕೆ ತಿರುಗಿಸಿದರೆ ನೂರಕ್ಕೆ 38 ಪಾಲು. ಕೊರತೆ ನಾಲ್ಕು, ಕಲಬೆರಕೆ ಮೂವತ್ತೆಂಟು. ತಮಾಷೆ ಎಂದರೆ ಅರವತ್ತು-ನಲವತ್ತರ ಇಂಥ ಮಿಶ್ರಣವನ್ನು ಬೇಕೆಂದೇ ಮಾಡುವವರೂ ಇದ್ದಾರೆ. ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ದೇಹದಲ್ಲಿ ಬೇಗ ಕರಗುವುದರಿಂದ ಮೂಳೆ ತುಂಬುವ ಸಾಮಗ್ರಿಯಾಗಿ ಅದಕ್ಕೆ ಬೇಡಿಕೆಯಿದೆ. ನಮ್ಮದು ಬೇಕೆಂದು ಮಾಡಿದ್ದಲ್ಲ, ಹಾಗಾಗಿ ಇನ್ನೊಮ್ಮೆ ಮಾಡಿದರೆ ಅದೇ ಬರುತ್ತದೆಂಬ ಭರವಸೆ ಇರಲಿಲ್ಲ.

ಎರಡನೇ ಬ್ಯಾಚು ಆಗಸ್ಟ್‌ನಲ್ಲಿ. ಇಲ್ಲಿ ಮಾಡಿದ್ದು ಅವಸರದ ಬುದ್ಧಿವಂತಿಕೆ. ಚಿಪ್ಪನ್ನು ಹೊಸದಾಗಿ ಸುಟ್ಟು ಅಂದೇ ಅರಳಿಸಿದೆವು, ಅದು ಸರಿ. ಆದರೆ ಹಿಂದಿನ ಸಲದ ಕೊರತೆ ನೆನಪಿಟ್ಟು ನೂರಕ್ಕೆ ನಾಲ್ಕು ಹೆಚ್ಚಿಗೆ ಸೇರಿಸಿದೆವು. ತಾಜಾ ಸುಣ್ಣಕ್ಕೆ ಆ ತಿದ್ದುಪಡಿ ಬೇಕಿರಲಿಲ್ಲ. ಅದು ಸಾಲದೆಂಬಂತೆ ಆಸಿಡ್ ಸೀಸೆಯೂ ಒಂದೂವರೆ ತಿಂಗಳಿಂದ ತೆರೆದು ಮುಚ್ಚಿ ನೀರು ಎಳೆದುಕೊಂಡಿತ್ತು. ಗಟ್ಟಿ ಫಾಸ್ಫಾರಿಕ್ ಆಸಿಡ್ ಗಾಳಿಯ ತೇವ ಕುಡಿಯುವುದರಲ್ಲಿ ಸುಣ್ಣಕ್ಕೇನೂ ಕಡಿಮೆಯಿಲ್ಲ. 85 ಪರ್ಸೆಂಟ್ ಆಸಿಡ್ 25 ಮಿಲಿ ತೂಗಿದರೆ 42.1 ಗ್ರಾಂ ಇರಬೇಕು. ಆಮೇಲೆ ತೂಗಿ ನೋಡಿದಾಗ 41.3. ಅಂದರೆ 82 ಪರ್ಸೆಂಟ್‌ಗೆ ಇಳಿದಿತ್ತು. ಒಂದು ಕಡೆ ಕ್ಯಾಲ್ಸಿಯಂ ಹೆಚ್ಚು, ಇನ್ನೊಂದು ಕಡೆ ರಂಜಕ ಕಡಿಮೆ, ಎರಡೂ ಸೇರಿ ಕ್ಯಾಲ್ಸಿಯಂ ಬೇಕಾದ್ದಕ್ಕಿಂತ ಹತ್ತರಲ್ಲಿ ಒಂದು ಪಾಲು ಜಾಸ್ತಿ. ಆಸಿಡ್ ಪೂರ್ತಿ ಮುಗಿದರೂ ಪಿಎಚ್ 12ರಿಂದ ಕೆಳಗಿಳಿಯಲಿಲ್ಲ. ಮೀಟರ್ ಕೆಟ್ಟಿದೆ ಎಂದುಕೊಂಡೆವು. ಮೀಟರ್ ಸರಿಯಾಗಿಯೇ ಇತ್ತು.

ಹೆಚ್ಚಾದ ಸುಣ್ಣದಲ್ಲಿ ಒಂದಷ್ಟು ತೊಳೆದಾಗ ಕರಗಿ ಹೋಯಿತು. ಸೋಸುವಾಗ ಗಾಳಿ ತಾಗಿ ಕಾರ್ಬೊನೇಟ್ ಆದದ್ದು ಮಾತ್ರ ಗಸಿಯಲ್ಲೇ ಉಳಿದು, ಕಾಸಿದಾಗ ಮತ್ತೆ ಸುಟ್ಟ ಸುಣ್ಣವಾಯಿತು. ಪುಡಿ ನೋಡಿದರೆ ತಿಳಿಯದು. ಒತ್ತಿ ಸುಟ್ಟ ಬಿಲ್ಲೆಗಳು ಫರ್ನೇಸಿನಿಂದ ಹೊರಬಂದಾಗ ಚೆನ್ನಾಗಿಯೇ ಇದ್ದವು. ಮೂರನೇ ದಿನ ಕೂದಲೆಳೆಯಂಥ ಬಿರುಕು, ಹತ್ತನೇ ದಿನ ಬೆರಳಲ್ಲಿ ಮುಟ್ಟಿದರೆ ಉದುರುವಷ್ಟು. ಸುಟ್ಟ ಸುಣ್ಣ ತೇವ ಕುಡಿದು ಅರಳುವಾಗ ಗಾತ್ರ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ, ಬಿಲ್ಲೆಯನ್ನು ಒಳಗಿನಿಂದಲೇ ಸೀಳುತ್ತದೆ.

ಈ ದೋಷ ಹಿಡಿಯಲು ಎಕ್ಸ್‌ಆರ್‌ಡಿಗೆ ಮೂರು ವಾರ ಕಾಯಬೇಕಿಲ್ಲ. ಕಾಸಿದ ಪುಡಿ ಒಂದು ಗ್ರಾಂ, ಕುದಿಸಿ ಆರಿಸಿದ ನೀರು 20 ಮಿಲಿ, ಫೀನಾಲ್ಫ್ತಲೀನ್ ಎರಡು ಹನಿ. ಗಾಢ ಗುಲಾಬಿ ಬಂದರೆ ಬಿಡಿ ಸುಣ್ಣ ಇದೆ. ಎರಡನೇ ಬ್ಯಾಚು ದಾಸವಾಳದ ಬಣ್ಣಕ್ಕೆ ತಿರುಗಿತು. ಆಮೇಲೆ ಬಂದ ಎಕ್ಸ್‌ಆರ್‌ಡಿಯೂ 37.4ರಲ್ಲಿ ಸುಟ್ಟ ಸುಣ್ಣದ ಶಿಖರ ತೋರಿಸಿ ಅದನ್ನೇ ಹೇಳಿತು. ಆ ಹಣ ಖರ್ಚು ಮಾಡಬೇಕಿರಲಿಲ್ಲ.

ಮೂರನೇ ಸಲ ಸುಣ್ಣವನ್ನು ಸೀಸೆಗೆ ಹಾಕುವ ಗೋಜಿಗೇ ಹೋಗಲಿಲ್ಲ. ಸುಟ್ಟದ್ದು 200 ಡಿಗ್ರಿಗೆ ಇಳಿಯುತ್ತಲೇ ಇಕ್ಕಳದಲ್ಲಿ ತೆಗೆದು ಡೆಸಿಕೇಟರ್‌ಗೆ (ಒಳಗಿನ ಗಾಳಿಯನ್ನು ಒಣದಾಗಿಡುವ ಮುಚ್ಚಿದ ಪಾತ್ರೆ), ಅಲ್ಲಿ ತಣಿದ ಕೂಡಲೇ ತಕ್ಕಡಿಗೆ, ಹತ್ತು ನಿಮಿಷದೊಳಗೆ ನೀರಿಗೆ. ಡೆಸಿಕೇಟರ್‌ನ ನೀಲಿ ಸಿಲಿಕಾ ಜೆಲ್ ಈ ಹವೆಯಲ್ಲಿ ನಾಲ್ಕೇ ದಿನಕ್ಕೆ ಗುಲಾಬಿಯಾಗುತ್ತದೆ. ಹಿಂದಿನ ರಾತ್ರಿ 120 ಡಿಗ್ರಿಯಲ್ಲಿ ಕಾಸಿ ನೀಲಿ ಬರಿಸಿಕೊಂಡಿರಬೇಕು. ಸುಟ್ಟ ಸುಣ್ಣವನ್ನೇ 28.04 ಗ್ರಾಂ ತೂಗಿ, ಬೀಕರ್‌ನ ನೀರಿಗೆ ಚಮಚ ಚಮಚವಾಗಿ ಹಾಕಿ ಅಲ್ಲೇ ಅರಳಿಸಿದೆವು. ಒಮ್ಮೆಲೇ ಸುರಿದರೆ ಕುದಿದು ಮುಖಕ್ಕೆ ಎರಚುತ್ತದೆ. ಕನ್ನಡಕ, ಕೈಗವಸು ಇಲ್ಲದೆ ಈ ಕೆಲಸ ಬೇಡ. ಜೊತೆಗೇ ಒಂದು ಗ್ರಾಂ ಬೇರೆ ತೆಗೆದು ಸುಟ್ಟು ನೋಡಿದ್ದಕ್ಕೆ 0.996 ಉಳಿಯಿತು. ಆಸಿಡ್ ಹೊಸ ಸೀಸೆಯದು, ಮಿಲಿಯಲ್ಲಿ ಅಳೆಯದೆ ಗ್ರಾಂನಲ್ಲೇ ತೂಗಿದ್ದು, 34.6.

ಪಿಎಚ್ 480 ಮಿಲಿಯವರೆಗೂ ಅಲುಗಲಿಲ್ಲ. ಕೊನೆಯ 20 ಮಿಲಿಯಲ್ಲಿ ಜಾರತೊಡಗಿತು, ಅಮೋನಿಯ ಆರೇಳು ಮಿಲಿ ಸಾಕಾಯಿತು. ಫೀನಾಲ್ಫ್ತಲೀನ್‌ಗೆ ಬಣ್ಣವಿಲ್ಲ. ಎಕ್ಸ್‌ಆರ್‌ಡಿಯಲ್ಲಿ 31.0ರಲ್ಲೂ 37.4ರಲ್ಲೂ ನೆಲ ಸಮ. ಲೆಕ್ಕದ 50.2 ಗ್ರಾಂಗೆ ಕೈಗೆ ಬಂದದ್ದು 47, ಉಳಿದದ್ದು ಫಿಲ್ಟರ್ ಪೇಪರ್‌ಗೂ ಒರಳಿಗೂ ಅಂಟಿ ಹೋಯಿತು.

ಬಿಲ್ಲೆಗೆ 13 ಮಿಲಿಮೀಟರ್ ಡೈ (ಒತ್ತುವ ಅಚ್ಚು), ಒಂದು ಗ್ರಾಂ ಪುಡಿ, ಬೈಂಡರ್ ಆಗಿ ಪಾಲಿವಿನೈಲ್ ಆಲ್ಕೊಹಾಲ್ ನೂರಕ್ಕೆ ಎರಡು. ಎರಡು ಟನ್ ಒತ್ತಡದಲ್ಲಿ ಒಂದು ನಿಮಿಷ. ಈ ಡೈಗೆ ಅದು 150 ಮೆಗಾಪಾಸ್ಕಲ್ ಹತ್ತಿರ. ಐದು ಟನ್ ಒತ್ತಿದರೆ ಇನ್ನೂ ಗಟ್ಟಿ ಎಂದುಕೊಂಡರೆ ಬಿಲ್ಲೆ ಹೊರಬರುವಾಗ ದೋಸೆಯ ಪದರದಂತೆ ಮೇಲಿನ ಹಲ್ಲೆ ಎದ್ದುಬರುತ್ತದೆ. ಒತ್ತಡ ಬಿಡುವುದೂ ನಿಧಾನಕ್ಕೆ. ನಿಮಿಷಕ್ಕೆ 2 ಡಿಗ್ರಿಯಂತೆ 600ಕ್ಕೆ ಏರಿಸಿ ಒಂದು ಗಂಟೆ ಬೈಂಡರ್ ಸುಡಲು ಬಿಟ್ಟು, ಆಮೇಲೆ 1200ರಲ್ಲಿ ಎರಡು ಗಂಟೆ. 1300 ದಾಟಿದರೆ ಹೈಡ್ರಾಕ್ಸಿಅಪಟೈಟೇ ನೀರು ಕಳೆದುಕೊಂಡು ಒಡೆಯತೊಡಗುತ್ತದೆ. ಸಾಮಾನ್ಯ ಮಫಲ್ ಫರ್ನೇಸ್‌ಗಳು 1000 ಅಥವಾ 1100ಕ್ಕೇ ನಿಲ್ಲುತ್ತವೆ. 1200ಕ್ಕೆ ಸಿಲಿಕಾನ್ ಕಾರ್ಬೈಡ್ ಕಡ್ಡಿಯ ಫರ್ನೇಸ್ ಬೇಕು. ಅದು ಎಲ್ಲಿದೆ ಎಂದು ಮೊದಲೇ ಹುಡುಕಿಟ್ಟುಕೊಳ್ಳಿ, ನಮಗೆ ಸರದಿ ಸಿಗಲು ಎಂಟು ದಿನ ಹೋಯಿತು.

ಹೊರಬಂದ ಬಿಲ್ಲೆಗಳ ಮೇಲೆ ತೆಳು ಆಕಾಶನೀಲಿ ಛಾಯೆ. ಕೆಟ್ಟಿತು ಎಂದುಕೊಳ್ಳಬೇಡಿ. ಚಿಪ್ಪಿನೊಳಗಿನ ಕಣದಷ್ಟು ಮ್ಯಾಂಗನೀಸ್ ಗಾಳಿಯಲ್ಲಿ ಕಾದಾಗ ಫಾಸ್ಫೇಟ್‌ನ ಜಾಗಕ್ಕೆ ಸೇರಿಕೊಂಡು ಹೀಗೆ ಬಣ್ಣ ಕೊಡುತ್ತದೆ.

ಈ ಪುಡಿ ಯಾರ ಮೈಯೊಳಗೂ ಹೋಗಲು ತಯಾರಿಲ್ಲ, ಈ ಮಾತು ಒತ್ತಿ ಹೇಳಬೇಕು. ಶಸ್ತ್ರಚಿಕಿತ್ಸೆಗೆ ಬಳಸುವ ಹೈಡ್ರಾಕ್ಸಿಅಪಟೈಟ್‌ನಲ್ಲಿ ಆರ್ಸೆನಿಕ್ ಹತ್ತು ಲಕ್ಷಕ್ಕೆ 3, ಕ್ಯಾಡ್ಮಿಯಂ 5, ಪಾದರಸ 5, ಸೀಸ 30 ಪಾಲು ಮೀರಬಾರದೆಂದು ಐಎಸ್‌ಒ 13779 ಎಂಬ ಅಂತರರಾಷ್ಟ್ರೀಯ ಮಾನದಂಡ ಹೇಳುತ್ತದೆ. ಅಳಿವೆಯ ಕೆಸರಲ್ಲಿ ಬದುಕುವ ಮರುವಾಯಿ ಏನೇನು ನುಂಗಿದೆಯೋ ಅಳೆಯದೆ ತಿಳಿಯದು. ಆಮೇಲೆ ಜೀವಕೋಶ ಪರೀಕ್ಷೆ, ಪ್ರಾಣಿ ಪರೀಕ್ಷೆ, 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಪರವಾನಗಿ. ಪಾಠಕ್ಕೆ, ಸಂಶೋಧನೆಗೆ, ನೀರಿನ ಫ್ಲೋರೈಡ್ ಹೀರುವ ಪ್ರಯೋಗಕ್ಕೆ ಇದು ಧಾರಾಳವಾಗಿ ಸಾಕು. ಹಾಗೆಯೇ ಆಯುರ್ವೇದದ ಶಂಖಭಸ್ಮ, ಶುಕ್ತಿಭಸ್ಮಗಳಿಗೂ ಇದಕ್ಕೂ ತಳುಕು ಹಾಕಬೇಡಿ. ಅವುಗಳಲ್ಲಿ ಫಾಸ್ಫೇಟ್ ಸೇರಿಸುವ ಹಂತವೇ ಇಲ್ಲ.

ಹತ್ತು ಬಿಲ್ಲೆಗಳ ಸರಾಸರಿ ಅಡ್ಡಳತೆ 13ರಿಂದ 10.7 ಮಿಲಿಮೀಟರ್‌ಗೆ ಕುಗ್ಗಿದೆ. ನೀರಿನಲ್ಲಿ ಮುಳುಗಿಸಿ ತೂಗಿದ ಸಾಂದ್ರತೆ 2.97, ಹೈಡ್ರಾಕ್ಸಿಅಪಟೈಟ್‌ನ ಪೂರ್ಣ ಸಾಂದ್ರತೆ 3.16, ಅಂದರೆ ನೂರಕ್ಕೆ 94. ಎರಡು ಬಿಲ್ಲೆಗಳನ್ನು ಬೇಕೆಂದೇ ಮುಚ್ಚಳವಿಲ್ಲದ ತಟ್ಟೆಯಲ್ಲಿ ಕಿಟಕಿಯ ಪಕ್ಕ ಇಟ್ಟಿದ್ದೇವೆ. ಹಿಂಗಾರು ಮಳೆ ಹಿಡಿದಿದೆ. ಇವತ್ತಿಗೆ ಹತ್ತೊಂಬತ್ತನೇ ದಿನ, ಬಿರುಕು ಬಿಟ್ಟಿಲ್ಲ.